ಚಹಾ ಬಂತು ಎಂಬ ಸನ್ನೆ

ಮಗ್ಗಗಳು ನಿಂತದ್ದು ಸಂಜೆ ನಾಲ್ಕು ಇಪ್ಪತ್ತಕ್ಕೆ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಎಂದು ಕೇಳುವವರು ಇಚಲಕರಂಜಿಯಲ್ಲಿ ಒಂದು ವಾರ ಇದ್ದು ನೋಡಬೇಕು. ನಮ್ಮೂರಲ್ಲಿ ಮಗ್ಗ ನಿಂತ ಕೂಡಲೇ ಎಲ್ಲರ ಕತ್ತು ಗಡಿಯಾರದ ಕಡೆ ತಿರುಗುತ್ತದೆ. ಕರೆಂಟು ಎಷ್ಟಕ್ಕೆ ಹೋಯಿತು, ಎಷ್ಟಕ್ಕೆ ಬಂತು ಎಂಬುದು ನಮಗೆ ನಿತ್ಯದ ಮಾತು. ಆ ಹೊತ್ತಿಗೆ ನಾನು ಮಾಳಿಗೆಯ ಮೆಟ್ಟಿಲಿನ ತಿರುವಿನಲ್ಲಿ ಕೂತು, ಹಳೆಯ ಜಪಾನಿನಲ್ಲಿ ಅತಿಥಿಯನ್ನು ಚಹಾಕ್ಕೆ ಹೇಗೆ ಕರೆಯುತ್ತಿದ್ದರು ಎಂಬುದರ ಬಗ್ಗೆ ಎರಡು ಪುಟ ಬರೆಯಲು ಒದ್ದಾಡುತ್ತಿದ್ದೆ.

ನಗಬೇಡಿ. ಪಂಚಗಂಗೆ ಹೊಳೆ ಉಕ್ಕಿ ಊರೊಳಗೆ ಬಂದಿದೆ, ಓಣಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿದೆ, ಅರ್ಧ ಓಣಿ ಗಂಟುಮೂಟೆ ಕಟ್ಟಿಕೊಂಡು ಶಾಲೆಯ ಕಡೆ ಹೊರಟಿದೆ. ಇವಳು ಜಪಾನಿನ ಚಹಾ ಹಿಡಿದು ಕೂತಿದ್ದಾಳೆ ಎಂದರೆ ಯಾರಿಗಾದರೂ ನಗು ಬರಬೇಕಾದದ್ದೇ. ಆದರೆ ಕಟ್ಟುವುದನ್ನೆಲ್ಲ ಕಟ್ಟಿ ಆಗಿತ್ತು. ಪಾತ್ರೆಗಳ ಗಂಟು ನನ್ನ ಪಕ್ಕದಲ್ಲೇ ಇತ್ತು. ಏನಾದರೂ ಮಾಡಲು ಹೋದರೆ ಅವ್ವ ಅಡ್ಡ ಬರಬೇಡ ಎಂದು ಬೈಯುತ್ತಿದ್ದಳು. ಮರುದಿನ ಕೊಲ್ಹಾಪುರದ ಕಾಲೇಜಿನಲ್ಲಿ ಆ ಎರಡು ಪುಟ ಒಪ್ಪಿಸಬೇಕಿತ್ತು. ಕೊಲ್ಹಾಪುರದಲ್ಲಿ ಅದೇ ನದಿ ಇನ್ನೂ ದೊಡ್ಡದಾಗಿ ಹರಿಯುತ್ತಿದೆ, ಕಾಲೇಜಿಗೆ ಯಾರೂ ಬರುವುದಿಲ್ಲ ಎಂಬ ಸರಳ ವಿಚಾರ ನನ್ನ ತಲೆಗೆ ಹೊಳೆದಿರಲಿಲ್ಲ. ಒಳ್ಳೆಯ ವಿದ್ಯಾರ್ಥಿಗಳಿಗೆ ಇಂಥ ವಿಚಾರಗಳು ಹೊಳೆಯುವುದು ಕಡಿಮೆ.

ಮಗ್ಗ ನಿಂತರೆ ಏನಾಗುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಬೇರೆ ಊರಿನ ಮಕ್ಕಳು ಸದ್ದಾದರೆ ಏಳುತ್ತವೆ; ನಮ್ಮೂರಿನ ಮಕ್ಕಳು ಸದ್ದು ನಿಂತರೆ ಏಳುತ್ತವೆ. ಖಟ್ ಖಟ್ ಖಟ್ ಎಂದು ಲಾಳಿ ಆಚೀಚೆ ಹೊಡೆದುಕೊಳ್ಳುವ ಸದ್ದಿನಲ್ಲೇ ನಾನು ಹುಟ್ಟಿದ್ದು, ಅದರಲ್ಲೇ ಮಗ್ಗಿ ಕಲಿತದ್ದು. ನನ್ನ ತೊಟ್ಟಿಲನ್ನು ತೂಗಬೇಕಾಗಿಯೇ ಇರಲಿಲ್ಲವಂತೆ, ಕೆಳಗಿನ ನೆಲವೇ ಅದನ್ನು ತೂಗುತ್ತಿತ್ತಂತೆ. ಅಪ್ಪ ಬಾಗಲಕೋಟೆಯ ಕಡೆಯಿಂದ ಹುಡುಗನಾಗಿದ್ದಾಗಲೇ ಇಲ್ಲಿಗೆ ಬಂದವನು. ಮಾಲಕರ ಶೆಡ್ಡಿನ ಪಕ್ಕದಲ್ಲೇ, ಸಣ್ಣ ಸಂದಿಯೊಂದನ್ನು ಬಿಟ್ಟು, ನಮ್ಮ ಮನೆ. ಅಪ್ಪನ ಪಾಳಿ ಮುಗಿದು ಅವನು ಮನೆಯಲ್ಲಿ ಮಲಗಿದ್ದರೂ, ಅವನ ಮಗ್ಗ ನಿಂತರೆ ಮರುಕ್ಷಣ ಅವನ ಕಾಲು ನೆಲಕ್ಕೆ ಬರುತ್ತಿತ್ತು. ಎಳೆ ಹರಿದಿದೆಯೋ, ಲಾಳಿಯೊಳಗಿನ ಕಾಂಡಿಯ ನೂಲು ಮುಗಿದಿದೆಯೋ, ಏನೇ ಇರಲಿ, ನಿಂತ ಮಗ್ಗ ನೇಕಾರನನ್ನು ಕರೆಯುತ್ತದೆ. ಅವನು ಹೋಗಿ ನೋಡುತ್ತಾನೆ. ಅದರಲ್ಲಿ ಯೋಚನೆ ಎಂಬುದಿಲ್ಲ. ಅವ್ವ ಹೇಳುವಂತೆ, "ನಿಮ್ಮಪ್ಪಗ ಹೆಂಡತಿ ಕರದ್ರ ಕೇಳಂಗಿಲ್ಲ, ಮಗ್ಗ ಸುಮ್ಮನಾದ್ರ ಕೇಳತೈತಿ."

ಅಷ್ಟು ಸದ್ದಿನಲ್ಲಿ ಮಾತು ನಡೆಯುವುದಿಲ್ಲ. ಹಾಗಾಗಿ ಶೆಡ್ಡಿನಲ್ಲಿ ಎಲ್ಲವೂ ಕೈಸನ್ನೆ. ಮೀಸೆ ತಿರುವಿದರೆ ಮಾಲಕರು ಬಂದರು. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ. ಮುಷ್ಟಿ ಕಟ್ಟಿ ತಟ್ಟನೆ ಬಿಚ್ಚಿದರೆ ಕರೆಂಟು ಹೋಗುವ ಲಕ್ಷಣ. ಇವೆಲ್ಲ ನನಗೆ ಅಕ್ಷರಕ್ಕಿಂತ ಮೊದಲೇ ಬಂದಿದ್ದವು. ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋದಾಗ ಬಾಗಿಲಲ್ಲೇ ನಿಂತು ನಾನು ಅಷ್ಟೂ ಮಂದಿಯೊಂದಿಗೆ ಹರಟುತ್ತಿದ್ದೆ. ಈಗಲೂ ಮಾತಾಡುವಾಗ ನನ್ನ ಕೈ ಸುಮ್ಮನಿರುವುದಿಲ್ಲ. ಕೊಲ್ಹಾಪುರದ ಗೆಳತಿಯರು ನನ್ನ ಪಕ್ಕದಲ್ಲಿ ಕೂತು ಚಹಾ ಕುಡಿಯಲು ಹೆದರುತ್ತಾರೆ, ಕಪ್ಪು ಉರುಳುತ್ತದೆಂದು.

ಎಲ್ಲಕ್ಕಿಂತ ಜನಪ್ರಿಯವಾದ ಸನ್ನೆ ಚಹಾದ್ದು. ಎಡಗೈಯ ಅಂಗೈಯನ್ನು ಬಶಿಯಂತೆ ಹಿಡಿಯಬೇಕು. ಬಲಗೈಯನ್ನು ಕಪ್ಪು ಓರೆ ಮಾಡಿದಂತೆ ಅದರ ಮೇಲೆ ಬಾಗಿಸಬೇಕು. ನಮ್ಮಲ್ಲಿ ಚಹಾವನ್ನು ಬಶಿಗೆ ಸುರಿದುಕೊಂಡೇ ಕುಡಿಯುವುದು, ಬಿಸಿ ಆರುವ ತನಕ ಕಾಯುವಷ್ಟು ಪುರುಸೊತ್ತು ಯಾರಿಗಿದೆ. ಸಂಜೆ ನಾಲ್ಕೂವರೆಯ ಹೊತ್ತಿಗೆ ಚಹಾದ ಗಾಡಿಯವನು ಕಿಟ್ಲಿ ಹಿಡಿದು ಬಾಗಿಲಿಗೆ ಬಂದರೆ, ಬಾಗಿಲ ಹತ್ತಿರದವನು ಈ ಸನ್ನೆ ಮಾಡುತ್ತಿದ್ದ. ಅದು ಒಬ್ಬರಿಂದೊಬ್ಬರಿಗೆ ದಾಟಿ ಹಿಂದಿನ ಗೋಡೆಯವರೆಗೂ ಹೋಗುತ್ತಿತ್ತು. ಅಪ್ಪನ ಮಗ್ಗ ಆ ಹಿಂದಿನ ಗೋಡೆಗೆ ತಾಗಿದ್ದೇ. ಮಾಲಕರು ಬಂದರೂ ಬಿಡದ ಮಗ್ಗವನ್ನು ಅಪ್ಪ ಚಹಾಕ್ಕೆ ಬಿಡುತ್ತಿದ್ದ.

ಇನ್ನು ಜಪಾನು ನಮ್ಮ ಮನೆಗೆ ಬಂದ ಬಗೆ. ಬಿ.ಎ. ಮುಗಿದ ಮೇಲೆ ನಾನು ಕೊಲ್ಹಾಪುರದ ಒಂದು ಕಾಲೇಜಿನಲ್ಲಿ ಕಲೆಯ ಇತಿಹಾಸದ ಕೋರ್ಸಿಗೆ ಸೇರಿದೆ. ಯಾಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ನಿಜವಾದದ್ದೇನೆಂದರೆ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೋಗಿ ಬರುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಅಲ್ಲಿ ಜಪಾನಿನ ಕಲೆಯನ್ನು ಕಲಿಸುತ್ತಿದ್ದವರು ಚೌಗುಲೆ ಮೇಡಂ. ಗಡಹಿಂಗ್ಲಜದ ಜೈನ ಮನೆತನದವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಪ್ರತಿ ವಾರ ಅವರು ಯಾವುದೋ ಹಳೆಯ ಗ್ರಂಥದ ಕೆಲವು ಪುಟಗಳ ಅನುವಾದವನ್ನು ಝೆರಾಕ್ಸ್ ಮಾಡಿ ಕೊಡುತ್ತಿದ್ದರು; ನಾವು ಅದಕ್ಕೆ ನಮ್ಮ ಪ್ರತಿಕ್ರಿಯೆಯನ್ನು ಬರೆದು ತರಬೇಕಿತ್ತು. ಸಾರಾಂಶ ನಿಷಿದ್ಧ.

"ಆ ಪುಸ್ತಕ ನಿನಗ ಏನ ಹೇಳ್ತು ಅಂತ ನನಗ ಗೊತ್ತೈತಿ, ನಾನೂ ಓದೀನಿ," ಎನ್ನುತ್ತಿದ್ದರು ಅವರು. "ನೀ ಅದಕ್ಕ ಏನ ಹೇಳ್ತಿ? ಅದನ್ನ ಬರಿ."

ಇದು ನನಗೆ ಬಹಳ ಕಷ್ಟದ ಕೆಲಸವಾಗಿ ಕಂಡಿತು. ಗೈಡು ಉರುಹೊಡೆದು ಬೆಳೆದವಳು ನಾನು. ಪುಸ್ತಕಕ್ಕೆ ತಿರುಗಿ ಉತ್ತರ ಕೊಡುವುದೆಂದರೆ ಹಿರಿಯರಿಗೆ ಎದುರಾಡಿದ ಹಾಗೆ. ಮೊದಲ ವಾರ ಗಟ್ಟಿ ಮರಾಠಿಯಲ್ಲಿ, ಜಪಾನ್ ಒಂದು ದ್ವೀಪರಾಷ್ಟ್ರ, ಅಲ್ಲಿನ ಜನ ಸೌಂದರ್ಯಪ್ರಿಯರು, ಶಿಸ್ತಿಗೆ ಹೆಸರಾದವರು ಎಂದು ಶುರುಮಾಡಿ, ಅವರಿಂದ ನಾವು ಕಲಿಯಬೇಕಾದದ್ದು ಬಹಳವಿದೆ ಎಂದು ಮುಗಿಸಿದ್ದೆ. ಕಾಗದ ತಿರುಗಿ ಬಂದಾಗ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಬರೆದಿದ್ದರು: ಇದನ್ನು ಬರೆದವರು ಯಾರು? ಮುಂದಿನ ವಾರ ಅವರನ್ನು ಮನೆಯಲ್ಲಿ ಬಿಟ್ಟು ನೀನು ಬಾ.

ಮುಂದಿನ ವಾರದ ಪುಟಗಳು ಅರಮನೆಯ ಹೆಂಗಸರ ಉಡುಗೆಯ ಬಗ್ಗೆ ಇದ್ದವು. ಒಂದರ ಮೇಲೊಂದು ಪದರಗಳು, ತೋಳಿನ ಅಂಚಿನಲ್ಲಿ ಪ್ರತಿ ಪದರದ ಬಣ್ಣವೂ ಎಳೆಯಷ್ಟು ಇಣುಕಬೇಕು, ಋತುವಿಗೆ ತಕ್ಕ ಬಣ್ಣ ಹೊಂದದಿದ್ದರೆ ನಗೆಪಾಟಲು. ನಾನು ಮುಖ ಸಪ್ಪೆ ಮಾಡಿ ಕೂತದ್ದನ್ನು ನೋಡಿ ಅವ್ವ ಏನೆಂದು ಕೇಳಿದಳು. ಅವಳು ಕಾಂಡಿ ಸುತ್ತುವ ಯಂತ್ರದ ಮುಂದೆ ಕೂತಿದ್ದಳು. ಲಾಳಿಯೊಳಗೆ ಕೂರುವ ಆ ಸಣ್ಣ ನಳಿಗೆಗಳಿಗೆ ನೂಲು ಸುತ್ತುವುದು ಅವಳ ಕೆಲಸ. ಕೂಗಿ ಕೂಗಿ ವಿವರಿಸಿದೆ. ಅವ್ವ ಎಲ್ಲವನ್ನೂ ಕೇಳಿ, "ಅಷ್ಟು ಬಟ್ಟಿ ಒಬ್ಬಾಕಿನ ಉಟ್ರ ಒಗಿಯಾಕಿ ಯಾರು?" ಎಂದಳು.

ಅದನ್ನೇ ಬರೆದೆ. ಆ ವಾರ ತರಗತಿಯಲ್ಲಿ ಬೇರೇನೂ ನಡೆಯಲಿಲ್ಲ. ಒಗೆಯುವವಳು ಯಾರು ಎಂಬ ಪ್ರಶ್ನೆಯ ಹಿಂದೆ ಬಿದ್ದು ಮೇಡಂ ಕಪಾಟಿನಿಂದ ಪುಸ್ತಕ ತೆಗೆದು, ಹೊಲಿಗೆ ಬಿಚ್ಚಿ ತುಂಡು ತುಂಡಾಗಿ ಒಗೆದು ಮತ್ತೆ ಹೊಲಿಯುತ್ತಿದ್ದ ಪದ್ಧತಿಯವರೆಗೂ ಹೋದರು. ಆ ದಿನದಿಂದ ನನಗೆ ಧೈರ್ಯ ಬಂತು. ಮನೆಯವರಿಗೆ ಕೆಲಸವೂ ಬಂತು.

ಅಪ್ಪನ ಸರದಿ ಬಂದದ್ದು ಚಿತ್ರ ಬರೆಯುವವರಿಗೆ ಹೇಳಿದ ಹಳೆಯ ಸೂಚನೆಗಳನ್ನು ಓದಿದ ವಾರ. ಕಾಗದವನ್ನು ತುಂಬಿಸಬೇಡ, ಬಿಟ್ಟ ಜಾಗವೂ ಚಿತ್ರವೇ ಎಂಬ ಅರ್ಥದ ಮಾತು. ಜೊತೆಗೆ ಒಂದು ಚಿತ್ರದ ಪ್ರತಿ: ಮೂಲೆಯಲ್ಲಿ ಮಂಜಿನಲ್ಲಿ ಅರ್ಧ ಮುಳುಗಿದ ನಾಲ್ಕಾರು ಮರ, ಉಳಿದದ್ದೆಲ್ಲ ಖಾಲಿ. ಅಪ್ಪ ಅದನ್ನು ಎರಡು ಕೈಯಲ್ಲಿ ಹಿಡಿದು, ಬಟ್ಟೆಯಲ್ಲಿ ದೋಷ ನೋಡುವಂತೆ ಬೆಳಕಿಗೆ ಎತ್ತಿದ. ಇತ್ತ ತಿರುವಿದ, ಅತ್ತ ತಿರುವಿದ. ಕೊನೆಗೆ ಬಹಳ ವಿಷಾದದಿಂದ, "ಪಾಪ, ನೂಲು ಮುಗದೈತಿ, ಅಂವಗ ಗೊತ್ತಾಗಿಲ್ಲ. ಅರ್ಧ ತಾಗಾ ಹೋತು," ಎಂದ. ತಾಗಾ ಎಂದರೆ ಬಟ್ಟೆಯ ಇಡೀ ಸುತ್ತು. ಐನೂರು ವರ್ಷದ ಹಿಂದಿನ ಚಿತ್ರಕಾರನಿಗಾಗಿ ಅಪ್ಪ ಆ ಸಂಜೆಯಿಡೀ ಬೇಜಾರು ಮಾಡಿಕೊಂಡಿದ್ದ. ಅದನ್ನೂ ಬರೆದೆ. ಮೇಡಂ ಅಂಚಿನಲ್ಲಿ ಬರೆದರು: ನಿಮ್ಮಪ್ಪ ಹೇಳಿದ್ದು ತಪ್ಪು. ಆದರೆ ಎಷ್ಟು ಚಂದದ ತಪ್ಪು.

ಆ ಮಾತನ್ನು ಅಪ್ಪನಿಗೆ ಓದಿ ಹೇಳಿದಾಗ ಅವನು ತಪ್ಪು ಎಂಬುದನ್ನು ಬಿಟ್ಟು ಚಂದ ಎಂಬುದನ್ನಷ್ಟೇ ಇಟ್ಟುಕೊಂಡ. ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದನಂತೆ, ಸನ್ನೆಯಲ್ಲಿ. ಅದನ್ನು ಸನ್ನೆಯಲ್ಲಿ ಹೇಗೆ ಹೇಳಿದ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಹೀಗೆ ಸಾಗಿತ್ತು. ಆಮೇಲೆ ಚಹಾದ ಪುಟಗಳು ಬಂದವು, ನಾನು ಸಿಕ್ಕಿಬಿದ್ದೆ. ಅದರಲ್ಲಿದ್ದ ಒಂದು ವಿವರ: ಅತಿಥಿಗಳು ತೋಟದ ಬೆಂಚಿನ ಮೇಲೆ ಕಾಯುತ್ತಿರುತ್ತಾರೆ, ಮನೆಯ ಯಜಮಾನ ಬಾಗಿಲವರೆಗೆ ಬರುತ್ತಾನೆ, ಬನ್ನಿ ಎನ್ನುವುದಿಲ್ಲ, ಏನನ್ನೂ ಹೇಳುವುದಿಲ್ಲ, ಸುಮ್ಮನೆ ಬಾಗಿ ಒಳಗೆ ಹೋಗುತ್ತಾನೆ. ಅವರು ಎದ್ದು ಹಿಂಬಾಲಿಸುತ್ತಾರೆ. ಸೈನಿಕನಾದರೆ ಕತ್ತಿಯನ್ನು ಹೊರಗೇ ಬಿಟ್ಟು ಬರಬೇಕು. ನನಗೆ ಇದು ಶುದ್ಧ ನಾಟಕ ಎನ್ನಿಸಿತು. ಬಾಯಿ ಇರುವವರು ಬಾಯಿ ಬಿಟ್ಟು ಕರೆಯಲು ಏನು ಧಾಡಿ? ನಮ್ಮ ಮನೆಯಲ್ಲಿ ಚಹಾ ಆಯಿತೆಂದರೆ ಅವ್ವ ಕೂಗುವ ಕೂಗು ಮೂರು ಓಣಿಗೆ ಕೇಳುತ್ತದೆ. ಹೀಗೆ ಏನೋ ಜಾಣತನದ ವಾಕ್ಯವೊಂದನ್ನು ಬರೆದು, ಹೊಡೆದು, ಮತ್ತೆ ಬರೆಯುತ್ತಿದ್ದಾಗ ಮಗ್ಗಗಳು ನಿಂತವು.

ಶೆಡ್ಡಿನ ಅಡಿಪಾಯ ಎತ್ತರ. ಒಳಗೆ ನೀರು ಬಂದಿರಲಿಲ್ಲ, ಅದಕ್ಕೇ ಅಷ್ಟು ಹೊತ್ತು ಓಡುತ್ತಿದ್ದವು. ಈಗ ಊರಿನ ಕರೆಂಟನ್ನೇ ತೆಗೆದಿದ್ದರು. ಕೆಲಸದವರೆಲ್ಲ ಹೊರಗೆ ಬಂದು, ಶೆಡ್ಡನ್ನೊಮ್ಮೆ ತಿರುಗಿ ನೋಡಿ, ತಂತಮ್ಮ ಮನೆಯ ಕಡೆ ಓಡಿದರು. ಅಪ್ಪನ ಪಾಳಿ ಇರಲಿಲ್ಲ. ಅವನು ಹೆಗಲ ಮೇಲೆ ಹಾಸಿಗೆಯ ಸುರುಳಿ ಹೊತ್ತು ಅವ್ವನ ಜೊತೆ ಓಣಿಗೆ ಇಳಿದಿದ್ದ. ಸದ್ದು ನಿಂತಿತು, ಅಪ್ಪ ನಿಂತ. ಹಾಸಿಗೆಯನ್ನು ಅವ್ವನ ಕೈಗೆ ಕೊಟ್ಟು ಶೆಡ್ಡಿನೊಳಗೆ ಹೋದ. ಅವ್ವ ಕೂಗಿದಳು. ಅವಳ ಕೂಗೂ ಆ ಮಳೆಯಲ್ಲಿ ಕೇಳಿಸಲಿಲ್ಲ.

ನಮ್ಮ ಮೆಟ್ಟಿಲಿನ ತಿರುವಿನಲ್ಲಿ ಒಂದು ಕಿಟಕಿಯಿದೆ. ಅಲ್ಲಿಂದ ಎರಡು ಕಾಣುತ್ತವೆ. ಎದುರಿಗೆ ಶೆಡ್ಡಿನ ಪಕ್ಕದ ಕಿಟಕಿಗಳು, ಅವುಗಳ ಮೂಲಕ ಮಗ್ಗಗಳ ಸಾಲು. ಬಲಕ್ಕೆ ಬಗ್ಗಿದರೆ ಶೆಡ್ಡಿನ ಹಿಂದಿನ ನಾಲಾ ಮತ್ತು ಹಿಂದಿನ ಗೋಡೆಯ ಹೊರಮೈ. ಅಪ್ಪ ಒಳಗೆ ಮಗ್ಗದಿಂದ ಮಗ್ಗಕ್ಕೆ ಹೋಗುತ್ತಿದ್ದ, ಲಾಳಿಗಳನ್ನು ತೆಗೆದು ಮೇಲಿಡುತ್ತಿದ್ದ. ಕೊನೆಗೆ ಗೋಡೆಗೆ ತಾಗಿದ ತನ್ನ ಮಗ್ಗಕ್ಕೆ ಬಂದು, ಹರಿದ ಎಳೆಯೊಂದನ್ನು ಕಂಡಿರಬೇಕು, ಬಗ್ಗಿದ. ನಾನು ಬಲಕ್ಕೆ ನೋಡಿದೆ. ನಾಲಾ ಗೋಡೆಯ ಅರ್ಧದವರೆಗೆ ಏರಿತ್ತು. ಗೋಡೆ ಒಳಕ್ಕೆ ಹೊಟ್ಟೆ ಬಿಟ್ಟಿತ್ತು. ಮೇಲಿನ ಅಂಚಿನಿಂದ ಗಾರೆಯ ಚೂರುಗಳು ಒಂದೊಂದಾಗಿ ನೀರಿಗೆ ಬೀಳುತ್ತಿದ್ದವು.

ಕೂಗಿದೆ. ತಗಡಿನ ಮೇಲೆ ಮಳೆ. ಅದರ ಮೇಲೆ, ವರ್ಷಗಟ್ಟಲೆ ಮಗ್ಗದ ಸದ್ದಿನಲ್ಲಿ ಅಪ್ಪನ ಕಿವಿ ಮುಕ್ಕಾಲು ಹೋಗಿದೆ. ಮಗ್ಗ ಓಡುತ್ತಿದ್ದರೆ ನೇಕಾರನ ಕಣ್ಣು ಸದಾ ಸುತ್ತುತ್ತಿರುತ್ತದೆ, ಎಲ್ಲಿಂದ ಸನ್ನೆ ಬಂದೀತೆಂದು. ಮಗ್ಗ ನಿಂತಾಗ ಅವನು ಎಳೆಯನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಪಕ್ಕದ ಗಂಟಿಗೆ ಕೈ ಹಾಕಿದೆ. ಮೊದಲು ಸಿಕ್ಕ ಲೋಟವನ್ನು ಎಸೆದೆ. ಅದು ಕಿಟಕಿಯ ಸರಳಿಗೆ ಬಡಿದು ಸಂದಿಯ ನೀರಿಗೆ ಬಿತ್ತು. ಎರಡನೆಯದು ಅವ್ವನ ಇಕ್ಕಳ. ಅದು ಒಳಗೆ ಹೋಗಿ ಅವನ ಮಗ್ಗದ ಕಬ್ಬಿಣಕ್ಕೆ ಬಡಿಯಿತು. ಅಪ್ಪನ ಕೈ ಮಗ್ಗದ ಮೇಲಿತ್ತು. ಕಿವಿ ಕೇಳದ್ದನ್ನು ಆ ಕೈ ಕೇಳಿತು. ತಲೆ ಎತ್ತಿ ನನ್ನನ್ನು ನೋಡಿದ.

ಈಗ ಹೇಳಬೇಕಿತ್ತು. ಗೋಡೆ ಬೀಳುತ್ತಿದೆ ಎನ್ನುವುದಕ್ಕೆ ಮಗ್ಗದವರಲ್ಲಿ ಸನ್ನೆಯಿಲ್ಲ. ಅಂಥದೊಂದು ಬೇಕಾದೀತೆಂದು ಯಾರೂ ಯೋಚಿಸಿರಲಿಲ್ಲ. ನನ್ನ ಕೈ ಮೇಲೆದ್ದು ಅರೆಕ್ಷಣ ಸುಮ್ಮನೆ ನಿಂತಿತು. ಆ ಅರೆಕ್ಷಣವನ್ನು ನಾನು ಅದೆಷ್ಟು ಸಲ ಮತ್ತೆ ಬದುಕಿದ್ದೇನೋ. ಅವನ ಕಣ್ಣು ಮತ್ತೆ ಎಳೆಯ ಕಡೆಗೆ ಇಳಿಯಲು ಶುರುವಾಗಿತ್ತು. ಆಗ ನನ್ನ ಕೈಗಳು ತಾವಾಗಿಯೇ ಹಿಡಿದಿದ್ದ ಕಾಗದಗಳನ್ನು ಬಿಟ್ಟವು. ಎಡ ಅಂಗೈ ಬಶಿಯಾಯಿತು, ಬಲಗೈ ಅದರ ಮೇಲೆ ಬಾಗಿತು.

ಚಹಾ ಬಂತು.

ಅಪ್ಪ ತಲೆಯಾಡಿಸಿದ. ಕೈಯನ್ನು ಅಂಗಿಗೆ ಒರೆಸಿಕೊಂಡು, ಮಗ್ಗಗಳ ನಡುವಿನ ದಾರಿಯಲ್ಲಿ, ದಿನಾ ಬರುವ ನಡಿಗೆಯಲ್ಲೇ ಬಾಗಿಲಿಗೆ ಬಂದ. ಓಡಲೂ ಇಲ್ಲ. ನಾನು ಮೆಟ್ಟಿಲು ಇಳಿದು ಓಣಿಗೆ ಬರುವಷ್ಟರಲ್ಲಿ ಅವನು ಕಟ್ಟೆ ಇಳಿದು ನೀರಿನಲ್ಲಿ ನಿಂತು ಅತ್ತಿತ್ತ ನೋಡುತ್ತಿದ್ದ.

"ಎಲ್ಲೈತಿ ಚಹಾ?" ಎಂದ.

ಹಿಂದೆ ಗೋಡೆ ಹೋಯಿತು. ನಾನು ಅಂದುಕೊಂಡಷ್ಟು ದೊಡ್ಡ ಸದ್ದಾಗಲಿಲ್ಲ. ಯಾರೋ ಉಸಿರು ಬಿಟ್ಟ ಹಾಗೆ ಆಯಿತು, ಆಮೇಲೆ ಕಲ್ಲು ಕಬ್ಬಿಣದ ಮೇಲೆ ಬೀಳುವ ಸದ್ದು, ಆಮೇಲೆ ಶೆಡ್ಡಿನ ಬಾಗಿಲಿಂದ ಕೆಂಪು ನೀರು ನಮ್ಮ ಕಾಲಿನ ಸುತ್ತ ಬಂತು. ಅಪ್ಪ ತಿರುಗಿ ನೋಡಿದ. ಅವನ ಮಗ್ಗ ಇದ್ದ ಜಾಗದಲ್ಲಿ ಆಕಾಶ ಕಾಣುತ್ತಿತ್ತು.

ಅವತ್ತಿನಿಂದ ನಮ್ಮಿಬ್ಬರ ನಿದ್ದೆ ಹೋಯಿತು. ಮೊದಲು ಶಾಲೆಯಲ್ಲಿ, ಬೆಂಚು ಸರಿಸಿ ಹಾಸಿದ ನೆಲದ ಮೇಲೆ. ಸುತ್ತಲೂ ಮಂದಿ ಗೊರಕೆ ಹೊಡೆಯುತ್ತಿದ್ದರು. ಆದರೆ ಅದರಡಿಯಲ್ಲಿ ಊರು ಪೂರ್ತಿ ಸುಮ್ಮನಿತ್ತು. ಇಚಲಕರಂಜಿ ಸುಮ್ಮನಿರುವುದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಕಣ್ಣು ಮುಚ್ಚಿದರೆ ಕಿಟಕಿ ಬರುತ್ತಿತ್ತು, ಅಪ್ಪ ತಲೆ ಎತ್ತುತ್ತಿದ್ದ, ನಾನು ತಪ್ಪು ಸನ್ನೆ ಮಾಡುತ್ತಿದ್ದೆ. ಮೀಸೆ ತಿರುವುತ್ತಿದ್ದೆ, ಮಾಲಕರು ಬಂದರೆಂದು ಅವನು ಮಗ್ಗಕ್ಕೆ ಇನ್ನೂ ಅಂಟಿ ನಿಲ್ಲುತ್ತಿದ್ದ. ಕತ್ತರಿ ಆಡಿಸುತ್ತಿದ್ದೆ, ಎಳೆ ಹುಡುಕುತ್ತ ಗೋಡೆಯ ಕಡೆ ಹೋಗುತ್ತಿದ್ದ. ಮುಷ್ಟಿ ಬಿಚ್ಚುತ್ತಿದ್ದೆ, ಕರೆಂಟು ಹೋದದ್ದು ನನಗೂ ಗೊತ್ತು ಎಂದು ನಕ್ಕು ಮತ್ತೆ ಬಗ್ಗುತ್ತಿದ್ದ. ಇದ್ದ ಸನ್ನೆಗಳಲ್ಲೆಲ್ಲ ಒಂದೇ ಒಂದು ಅವನನ್ನು ಹೊರಗೆ ತರುವಂಥದ್ದು. ಅದನ್ನು ನಾನು ಆರಿಸಿದೆನೆಂದು ಹೇಳಿಕೊಳ್ಳಲು ನನಗೆ ಧೈರ್ಯವಿಲ್ಲ.

ರಸ್ತೆ ತೆರೆದ ಕೂಡಲೇ ಚೌಗುಲೆ ಮೇಡಂ ಫೋನು ಮಾಡಿ, ಮೂವರೂ ಗಡಹಿಂಗ್ಲಜಕ್ಕೆ ಬನ್ನಿ ಎಂದರು. ಬೇಡವೆನ್ನಲು ನಾನು ಬಾಯಿ ತೆರೆಯುವುದರೊಳಗೆ, ಪಡಸಾಲೆಗೆ ಹತ್ತಿರದ ಕೋಣೆ ಗುಡಿಸಿ ಆಗಿದೆ ಎಂದು ಫೋನು ಇಟ್ಟರು. ಅವರು ಅಲ್ಲಿ ಒಬ್ಬರೇ ಇದ್ದರು. ಮನೆ ಊರ ಅಂಚಿಗೆ, ಆಚೆ ಕಬ್ಬಿನ ಹೊಲ. ಅಲ್ಲಿನ ಸಂಜೆ ಎಷ್ಟು ಶಾಂತವೆಂದರೆ ಅಪ್ಪ, "ನನ್ನ ಕಿವಿ ಪೂರ್ತಿ ಹೋತೇನ?" ಎಂದು ಅವ್ವನನ್ನು ಕೇಳಿದ.

ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ರಾತ್ರಿ ಪಾಳಿಯಲ್ಲಿ ನಡುರಾತ್ರಿ ಡಬ್ಬಿ ಬಿಚ್ಚುವ ಅಭ್ಯಾಸದ ಅಪ್ಪ, ಬಿಸಿಲಿರುವಾಗಲೇ ತಟ್ಟೆಯ ಮುಂದೆ ಕೂತು, ಇದು ಫಳಾರವೋ ಊಟವೋ ಎಂಬ ಸಂಶಯದಲ್ಲಿ ಎರಡನ್ನೂ ಅರ್ಧರ್ಧ ಮಾಡುತ್ತಿದ್ದ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ. ಅವ್ವನಿಗೆ ಇದು ತಡೆಯಲಿಲ್ಲ. ಪೇಟೆಯಿಂದ ಉಳ್ಳಾಗಡ್ಡಿ ತಂದು, ಸೆರಗಿನಲ್ಲಿ ಕಟ್ಟಿಕೊಂಡು ಹೊಲದ ಬದುವಿಗೆ ಹೋಗಿ, ಗುದ್ದಿ ಒಡೆದು ರೊಟ್ಟಿಯ ಜೊತೆ ತಿಂದು, ಬೇವಿನ ಕಡ್ಡಿಯಿಂದ ಹಲ್ಲುಜ್ಜಿ ತಿರುಗಿ ಬರುತ್ತಿದ್ದಳು. ಕೆಲವು ದಿನ ನೋಡಿ ಮೇಡಂ ಅವಳನ್ನು ಅಡುಗೆಮನೆಗೆ ಕರೆದರು.

"ತಂಗೆವ್ವಾ, ದಿನಾ ಅಷ್ಟು ಹಲ್ಲ ತಿಕ್ಕಿದ್ರ ಹಲ್ಲ ಉಳ್ಯಾಂಗಿಲ್ಲ. ಬದುವಿನ ಮ್ಯಾಲ ತಿನ್ನೂದಕ್ಕ ನಂದೇನೂ ತಕರಾರ ಇಲ್ಲ. ಒಂದು ಚಾಪಿ ಒಯ್ಯಿ, ಹಸಿ ನೆಲದಾಗ ಕೂಡಬ್ಯಾಡ."

ಆ ದಿನದಿಂದ ಅವ್ವ ಅವರನ್ನು ಅಕ್ಕಾ ಎಂದು ಕರೆಯತೊಡಗಿದಳು. ಅವ್ವನಿಗೆ ಅಲ್ಲಿ ನಿದ್ದೆ ಬರುತ್ತಿತ್ತು. ನಮಗೆ ಬರಲಿಲ್ಲ. ಅಪ್ಪನಿಗೆ ಒಂದು ಹೊಸ ಅಭ್ಯಾಸ ಹತ್ತಿತ್ತು: ಎಲ್ಲೇ ಕೂರುವ ಮೊದಲೂ ಅಂಗೈಯಿಂದ ಗೋಡೆಯನ್ನು ಒತ್ತಿ ನೋಡುತ್ತಿದ್ದ. ಮಾತು ಕಡಿಮೆಯಾಗಿತ್ತು. ಇಚಲಕರಂಜಿಯ ಸುದ್ದಿ ಬಂದರೆ ಎದ್ದು ಹೋಗುತ್ತಿದ್ದ. ಮಾಲಕರು ಫೋನು ಮಾಡಿ, ಕೆಸರು ತೆಗೆಯುತ್ತಿದ್ದೇವೆ, ಯಾವಾಗ ಬರುತ್ತೀ ಎಂದು ಕೇಳಿದಾಗ ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟ. ಆಮೇಲೆ, ಗೋಡೆ ಒತ್ತುತ್ತಲೇ, ಮೆಲ್ಲಗೆ ಹೇಳಿದ:

"ನಾ ಇನ್ನ ಒಳಗ ಹೋಗಾಂವಲ್ಲ, ರೇಣವ್ವಾ. ಮಗ್ಗ ನಿಂತ್ರ ನನ್ನ ಕಾಲು ನನ್ನ ಮಾತು ಕೇಳಂಗಿಲ್ಲ."

ಬೇರೆ ಕೆಲಸ ತಿಳಿಯದ ಮನುಷ್ಯ. ಮಗ್ಗ ಬಿಟ್ಟರೆ ಅವನಿಗೆ ಮಾತಾಡುವುದಕ್ಕೂ ಬರುವುದಿಲ್ಲ, ನೋಡಿದ್ದೀರಲ್ಲ. ನನಗೆ ಭಯವಾದದ್ದು ಆಗ, ಗೋಡೆ ಬಿದ್ದಾಗಿನದಕ್ಕಿಂತ ನಿಧಾನದ ಭಯ.

ಒಂದು ಮಧ್ಯಾಹ್ನ ಮೇಡಂ, ಏನೂ ಆಗಿಲ್ಲವೆಂಬಂತೆ, ಆ ಚಹಾದ ಪುಟಗಳ ಪ್ರತಿಕ್ರಿಯೆ ಎಲ್ಲಿ ಎಂದು ಕೇಳಿದರು. ಕಾಗದ ನೀರಿಗೆ ಬಿತ್ತು ಎಂದೆ. "ಕಾಗದ ಬಿದ್ದೈತಿ, ನೀ ಬಿದ್ದಿಲ್ಲಲ್ಲ," ಎಂದು ಹೊಸ ಹಾಳೆ ಕೊಟ್ಟರು. ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕೂತು ಬರೆದೆ, ಕನ್ನಡದಲ್ಲಿ. ಜಾಣತನದ ವಾಕ್ಯಗಳು ಯಾವುವೂ ನೆನಪಿಗೆ ಬರಲಿಲ್ಲ. ಮಾತಿಲ್ಲದೆ ಕರೆಯುವುದು ನಾಟಕ ಎಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ ಎಂದು ಬರೆದೆ. ನಮ್ಮ ಶೆಡ್ಡಿನಲ್ಲಿಯೂ ಚಹಾಕ್ಕೆ ಕರೆಯುವವನು ಮಾತಾಡುವುದಿಲ್ಲ, ಕರೆಸಿಕೊಂಡವನು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಬರುತ್ತಾನೆ, ಯಾಕೆ ಎಂದು ಕೇಳುವುದಿಲ್ಲ, ಹಾಗೆ ಕೇಳದೆ ಬರಬಹುದಾದ ಒಂದು ಕರೆಯಾದರೂ ಪ್ರತಿಯೊಬ್ಬನಿಗೂ ಇರಬೇಕು ಎಂದು ಬರೆದೆ. ಸನ್ನೆಯನ್ನು ಹೇಗೆ ಮಾಡುವುದೆಂದೂ ವಿವರಿಸಿದೆ. ನಾನು ಕರೆದೆ, ಆದರೆ ಚಹಾ ಇರಲಿಲ್ಲ ಎಂದು ಕೊನೆಯಲ್ಲಿ ಬರೆದು, ಮುಂದೆ ಏನೂ ತೋಚದೆ ಉಳಿದ ಹಾಳೆಯನ್ನು ಖಾಲಿ ಬಿಟ್ಟೆ.

ಮೇಡಂ ಅದನ್ನು ಒಲೆಯ ಮುಂದೆ ನಿಂತೇ ಓದಿದರು. ಹಾಲು ಉಕ್ಕಿತು. ಅಂಚಿನಲ್ಲಿ ಏನೂ ಬರೆಯಲಿಲ್ಲ; ಹಾಲು ಒರೆಸಿ, ಹಾಳೆಯನ್ನು ಮಡಚಿ ಅಕ್ಕಿಯ ಡಬ್ಬಿಯ ಮೇಲಿಟ್ಟರು.

ಮರುದಿನ ಸಂಜೆ ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕಬ್ಬು ನೋಡುತ್ತ ಕೂತಿದ್ದ. ಮೇಡಂ ಒಳಬಾಗಿಲಲ್ಲಿ ಬಂದು ನಿಂತರು. ಮಾತಾಡಲಿಲ್ಲ. ಅಪ್ಪ ತಲೆ ಎತ್ತುವ ತನಕ ಕಾದು, ಎಡ ಅಂಗೈಯನ್ನು ಮುಂದೆ ಹಿಡಿದು, ಬಲಗೈಯನ್ನು ಅದರ ಮೇಲೆ ತಂದರು. ಆದರೆ ಅವರಿಗೆ ಸಂಕೋಚವಾಗಿರಬೇಕು. ಕೈ ಬಾಗುವ ಬದಲು ಹೆಬ್ಬೆರಳು ಅಂಗೈಯನ್ನು ಮುಟ್ಟಿ ಅತ್ತಿತ್ತ ಸರಿದಾಡಿತು. ಅಪ್ಪ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಆಮೇಲೆ ಅವನ ಭುಜ ಅಲುಗತೊಡಗಿತು.

"ಬಾಯಿಸಾಹೇಬ್ರ," ಎಂದ, ನಗು ತಡೆಯಲಾರದೆ, "ಅದು ಚಹಾ ಅಲ್ರಿ. ತಂಬಾಕ ತಿಕ್ಕಾಕತ್ತೀರಿ."

ನೀರನ್ನೂ ಸೋಸಿ ಕುಡಿಯುವ ಚೌಗುಲೆ ಮೇಡಂ ತಮ್ಮ ಅಂಗೈ ನೋಡಿಕೊಂಡರು. ಅಪ್ಪ ಎದ್ದು ಹೋಗಿ, ಮುಟ್ಟದೆ, ತನ್ನ ಕೈಯನ್ನು ಅವರ ಕೈ ಪಕ್ಕದಲ್ಲಿ ಹಿಡಿದು ತೋರಿಸಿದ. ಬಶಿ ಹಿಂಗ. ಕಪ್ಪು ಹಿಂಗ. ಬೆರಳು ಬಿಡಬ್ಯಾಡ್ರಿ, ಬಿಟ್ರ ಅದು ಬ್ಯಾರೆ ಆಗತೈತಿ. ಅವರು ಮತ್ತೆ ಮಾಡಿದರು, ಅವನು ಮತ್ತೆ ತಿದ್ದಿದ. ಹೊತ್ತು ಮುಳುಗುವ ಮೊದಲು ಕುಡಿಯಬೇಕಿದ್ದ ಚಹಾ ಒಳಗೆ ಆರಿ ಹೋಯಿತು. ಅವ್ವ ಮತ್ತೆ ಬಿಸಿ ಮಾಡಿದಳು. ಅಪ್ಪ ಒಳಗೆ ಹೋಗಿ ಕೂತ. ಕೂರುವ ಮೊದಲು ಗೋಡೆಯನ್ನು ಒತ್ತಿ ನೋಡುವುದು ಅವನಿಗೆ ಮರೆತೇಹೋಗಿತ್ತು.

ಆ ವಾರವೇ ಅವನು ಮಾಲಕರಿಗೆ ತಾನೇ ಫೋನು ಮಾಡಿದ. ಹೊಸ ಗೋಡೆಯನ್ನು ಎಷ್ಟು ದಪ್ಪ ಕಟ್ಟುತ್ತೀರಿ ಎಂದು ಕೇಳಿದ. ತನ್ನ ಮಗ್ಗವನ್ನು ಬಾಗಿಲ ಹತ್ತಿರ ಹಾಕಿದರೆ ಬರುತ್ತೇನೆ ಎಂದ. ಅವರು ಆಗಲಿ ಎಂದರಂತೆ. ಅಪ್ಪ ಕೇಳಿಸಿಕೊಂಡದ್ದು ಹಾಗೆ.

ನಾವು ತಿರುಗಿ ಬಂದಾಗ ಊರು ಇನ್ನೂ ಕೆಸರಿನ ವಾಸನೆ ಹೊಡೆಯುತ್ತಿತ್ತು. ಮಗ್ಗಗಳನ್ನು ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಮತ್ತೆ ಕೂಡಿಸುತ್ತಿದ್ದರು. ಕೆಸರಿನೊಳಗೆ ಅವ್ವನ ಇಕ್ಕಳ ಸಿಕ್ಕಿತು, ಒಂದು ಕಾಲು ಸೊಟ್ಟಗಾಗಿದೆ. ಬಿಸಾಡು ಎಂದರೆ ಅವ್ವ ಕೇಳುವುದಿಲ್ಲ. ಪಾತ್ರೆ ಜಾರಿದರೆ ಜಾರಲಿ, ಅದರಿಂದಲೇ ಇಳಿಸುತ್ತಾಳೆ. ಗಣಪತಿಯನ್ನು ಕಳಿಸಿದ ಮರುದಿನ ನಮ್ಮ ಶೆಡ್ಡು ಶುರುವಾಯಿತು. ಒಂದು ಮಗ್ಗ, ಆಮೇಲೆ ಎರಡು, ಆಮೇಲೆ ಎಲ್ಲವೂ. ಮೆಟ್ಟಿಲು ನಡುಗಿತು, ಮೆಟ್ಟಿಲಿನ ಮೇಲೆ ಕೂತ ನಾನು ನಡುಗಿದೆ, ನನ್ನ ಕೈಯಲ್ಲಿದ್ದ ಮುಂದಿನ ವಾರದ ಜಪಾನು ನಡುಗಿತು. ಅಪ್ಪ ಹಗಲು ಪಾಳಿ ಮುಗಿಸಿ ಬಂದು, ಸೆಖೆಯೆಂದು ಮೆಟ್ಟಿಲ ಬುಡದ ಕಟ್ಟೆಯ ಮೇಲೆ ಹಾಸಿಕೊಂಡ. ನಾನು ಮೇಲೆ ಮಲಗಿದೆ. ಖಟ್ ಖಟ್ ಖಟ್. ಕಿಟಕಿ ಬರುತ್ತದೆಂದು ಕಾಯುತ್ತಿದ್ದೆ. ಬಂತೋ ಇಲ್ಲವೋ ನೆನಪಿಲ್ಲ. ಕಣ್ಣು ಬಿಟ್ಟಾಗ ಬೆಳಗಾಗಿತ್ತು.

ಕೆಳಗೆ ಇಳಿದಾಗ ಅಪ್ಪ ಆಗಷ್ಟೇ ಎದ್ದು ಕಣ್ಣುಜ್ಜುತ್ತಿದ್ದ. ಎದುರಿಗೆ ರಾತ್ರಿ ಪಾಳಿ ಮುಗಿಸಿದ ನೇಕಾರನೊಬ್ಬ, ಬಾಗಿಲ ಹತ್ತಿರಕ್ಕೆ ಬಂದ ಅಪ್ಪನ ಮಗ್ಗವನ್ನೇ ರಾತ್ರಿ ನಡೆಸುವವನು, ತಲೆಯಲ್ಲಿ ಹತ್ತಿಯ ಧೂಳು ಹೊತ್ತು ನಿಂತು ದೂರುತ್ತಿದ್ದ. ರಾತ್ರಿ ಬಹಳ ಹೊತ್ತು ಕರೆಂಟು ಹೋಗಿತ್ತಂತೆ. ಎಲ್ಲ ಮಗ್ಗ ನಿಂತವಂತೆ. ಇನ್ನೇನು ಮಾಮಾ ಎದ್ದು ಬರುತ್ತಾರೆಂದು ಅವರ ಪಾಲಿನ ಚಹಾವನ್ನೂ ಹಾಕಿಸಿ ಇಟ್ಟಿದ್ದರಂತೆ.

ಅಪ್ಪ ನನ್ನ ಕಡೆ ನೋಡಿದ. ನಾನು ತಲೆಯಲ್ಲಾಡಿಸಿದೆ, ನನಗೂ ಎಚ್ಚರವಾಗಿರಲಿಲ್ಲ.

"ಚಹಾ ಬಂದಿತ್ತಂದ್ರ ಸನ್ನಿ ಮಾಡಬೇಕಿತ್ತಪಾ," ಎಂದ ಅಪ್ಪ.

"ಇಲ್ಲೇ ನಿಂತು ಮಾಡಿದ್ನೆಲ್ರಿ ಮಾಮಾ," ಎಂದ ಅವನು. "ಕಣ್ಣ ಮುಚ್ಚಿದಾಂವಗ ಎಷ್ಟೊತ್ತು ಮಾಡೂದು?"